ತಾಯಣ್ಣನ ಎಡಗಣ್ಣು

ರಾಯಚೂರು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷದಿಂದ ಕೂತಿರುವ ತಾಯಣ್ಣ ಅತ್ತದ್ದನ್ನು ಕಂಡವರು ಯಾರೂ ಇರಲಿಲ್ಲ. ಅಪ್ಪ ಸತ್ತ ದಿನ ಅವನು ಶಾಮಿಯಾನದವರನ್ನು ಕರೆತರಲು ಹೋಗಿದ್ದ. ಮಗಳು ಶಶಿಕಲಾ ಹುಟ್ಟಿದಾಗ ನರ್ಸಮ್ಮ ಕೂಸನ್ನು ಕೈಗಿತ್ತರೆ, "ಎಷ್ಟು ಗಂಟೆಕ್ಕ ಆತ್ರಿ?" ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡಿದ್ದ. ನಗು, ಸಿಟ್ಟು, ಸಂಕಟ ಎಲ್ಲಕ್ಕೂ ಅವನ ಹತ್ತಿರ ಒಂದೇ ಮುಖವಿತ್ತು. ಅದು ನಿಲ್ದಾಣದ ವೇಳಾಪಟ್ಟಿಯ ಫಲಕದ ಹಾಗೆ: ಎಲ್ಲರಿಗೂ ಕಾಣುತ್ತಿತ್ತು, ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಇಂಥವನ ಎಡಗಣ್ಣಿನಿಂದ ಹೋದ ಜನವರಿಯಲ್ಲಿ ನೀರು ಇಳಿಯತೊಡಗಿತು. ಮೊದಲು ಧೂಳು ಅಂದುಕೊಂಡ. ರಾಯಚೂರಿನಲ್ಲಿ ಯಾವುದಕ್ಕಾದರೂ ಮೊದಲು ಧೂಳನ್ನೇ ಅನುಮಾನಿಸುವುದು ವಾಡಿಕೆ. ಹದಿನೈದು ದಿನವಾದರೂ ನಿಲ್ಲದಿದ್ದಾಗ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಬಳಿ ಹೋದ. ಅವರು ಟಾರ್ಚು ಬಿಟ್ಟು ನೋಡಿ, ಕಣ್ಣೀರು ಮೂಗಿಗೆ ಇಳಿಯುವ ನಾಳ ಮುಚ್ಚಿಕೊಂಡಿದೆ, ಒಳಗೆ ಹೋಗಬೇಕಾದ ನೀರು ಹೊರಗೆ ಬರುತ್ತಿದೆ, ಮೂಗಿನ ಪಕ್ಕ ಸಣ್ಣದೊಂದು ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದರು. ಆಪರೇಷನ್ ಎಂಬ ಮಾತು ಕೇಳಿದ್ದೇ ತಾಯಣ್ಣ, "ಮನ್ಯಾಗ ಕೇಳಿ ಬರ್ತೀನ್ರಿ" ಎಂದು ಎದ್ದ. ಮನೆಯಲ್ಲಿ ಕೇಳಲಿಲ್ಲ, ತಿರುಗಿ ಬರಲೂ ಇಲ್ಲ. ಜೇಬಿನಲ್ಲಿ ಒಂದಿದ್ದ ಕರವಸ್ತ್ರ ಎರಡಾಯಿತು, ಅಷ್ಟೇ.

ಸಂಗತಿ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಒಂದು ಮಂಗಳವಾರ ಕಿಟಕಿಯ ಮುಂದೆ ವಿರೂಪಣ್ಣ ಬಂದು ನಿಂತರು.

ವಿರೂಪಣ್ಣ ದೊಡ್ಡ ಅಕ್ಕಿ ಗಿರಣಿಯ ಮಾಲೀಕರು. ಉತ್ತರದ ಕಡೆ ಯಾವುದೋ ಆಶ್ರಮದಲ್ಲಿ ಹನ್ನೊಂದು ದಿನ ಇದ್ದು ಬಂದ ಮೇಲೆ ಅವರು ಪೂರ್ತಿ ಬದಲಾಗಿದ್ದರು. ಗಂಡಸರು ಅಳುವುದನ್ನು ಮರೆತದ್ದರಿಂದಲೇ ಲೋಕಕ್ಕೆ ಬಿಪಿ ಬಂದಿದೆ ಎಂದು ಅವರಿಗೆ ಅಲ್ಲಿ ಗೊತ್ತಾಗಿತ್ತು. ಊರಿಗೆ ಬಂದವರೇ 'ಪುರುಷ ಹೃದಯ ಸಂಘ' ಕಟ್ಟಿದರು. ಅಹಂಕಾರ ಇಳಿಯಲೆಂದು ಪ್ರತಿ ಮಂಗಳವಾರ ಕಾರು ಬಿಟ್ಟು ಬಸ್ಸಿನಲ್ಲಿ ಓಡಾಡುತ್ತಿದ್ದರು. ಕಾರು ಬಸ್ಸಿನ ಹಿಂದೆಯೇ ಖಾಲಿಯಾಗಿ ಬರುತ್ತಿತ್ತು.

"ದೇವದುರ್ಗದ ಬಸ್ಸು?"

"ಈಗ ಹೋತ್ರಿ," ಎಂದ ತಾಯಣ್ಣ. ಎಡಗಣ್ಣಿನಿಂದ ಒಂದು ಹನಿ ಜಾರಿ ರಿಜಿಸ್ಟರಿನ ಮೇಲೆ ಬಿತ್ತು.

"ಇನ್ನೊಂದು ಯಾವಾಗ?"

"ಮುಕ್ಕಾಲ್ ತಾಸ ಆಗ್ತದರಿ." ಇನ್ನೊಂದು ಹನಿ.

ವಿರೂಪಣ್ಣ ಕಿಟಕಿಯ ಸರಳು ಹಿಡಿದುಕೊಂಡರು. "ನಂದು ಬಸ್ಸು ತಪ್ಪಿದ್ದಕ್ಕ ನೀವು ಅಳಾಕತ್ತೀರಿ?"

ತಾಯಣ್ಣ ಬಾಯಿ ತೆರೆದ. ನಾಳದ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ವಿರೂಪಣ್ಣ ಕಿಂಡಿಯೊಳಗೆ ಕೈ ಹಾಕಿ ಅವನ ಕೈ ಹಿಡಿದು, "ಮಹಾನುಭಾವರು ನೀವು!" ಎಂದರು. ಇಪ್ಪತ್ತೆರಡು ವರ್ಷದಲ್ಲಿ ಆ ಕಿಂಡಿಯೊಳಗೆ ಚಿಲ್ಲರೆ ಬಂದಿತ್ತು, ಬೈಗುಳ ಬಂದಿತ್ತು, ಒಮ್ಮೆ ಒಂದು ಕೋಳಿಯೂ ಬಂದಿತ್ತು. ಮಹಾನುಭಾವ ಎಂಬ ಶಬ್ದ ಬಂದಿರಲಿಲ್ಲ. ಅದರ ಮೇಲೆ, ಇದೇ ವಿರೂಪಣ್ಣನವರ ಗಿರಣಿಯಲ್ಲಿ ತಾಯಣ್ಣನ ಅಪ್ಪ ಜೀವಮಾನವಿಡೀ ಚೀಲ ಹೊತ್ತವನು. ಮಾಲೀಕರ ಕೈ ಅಪ್ಪನ ಕಡೆ ಬಂದದ್ದು ಬೆರಳು ತೋರಿಸಲಿಕ್ಕೆ ಮಾತ್ರ. ತಾಯಣ್ಣ ತೆರೆದ ಬಾಯನ್ನು ಮುಚ್ಚಿದ. ನಮ್ಮ ಕಥೆಯ ಅನಾಹುತಗಳೆಲ್ಲ ಹೊರಬಿದ್ದದ್ದು ಆ ಮುಚ್ಚಿದ ಬಾಯಿಂದ.

ಮುಂದಿನ ಭಾನುವಾರ ಬೆಳಿಗ್ಗೆ ಗಿರಣಿಯ ಮಾಳಿಗೆಯ ಮೇಲೆ, ಬಿಳಿ ಗಾದಿಯ ಮೇಲೆ, ಹನ್ನೆರಡು ಗಂಡಸರ ನಡುವೆ ತಾಯಣ್ಣ ಕೂತಿದ್ದ. ಸಂಘ ಶುರುವಾಗಿ ಮೂರು ತಿಂಗಳಾದರೂ ಇದುವರೆಗೆ ಒಬ್ಬರೂ ಅತ್ತಿರಲಿಲ್ಲ. ನಿವೃತ್ತ ಪಿಎಸ್‌ಐ ವೆಂಕೋಬ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು ಪ್ರಯತ್ನಿಸುತ್ತಿದ್ದರು. ನೋಡಿದವರಿಗೆ ಅವರು ಯಾರದೋ ಬಾಯಿ ಬಿಡಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಶಕ್ತಿನಗರದ ವಿದ್ಯುತ್ ಸ್ಥಾವರದ ಎಂಜಿನಿಯರ್ ಬೀರೇಶ ಎದೆ ಮುಟ್ಟಿಕೊಂಡು ವರದಿ ಒಪ್ಪಿಸಿದ:

"ಒಳಗ ಪ್ರೆಷರ್ ಭಾಳ ಬಿಲ್ಡ್ ಆಗ್ಯದರಿ. ವಾಲ್ವ್ ಜಾಮ್ ಆಗ್ಯದ. ಓಪನ್ ಆಗವಲ್ದು."

ತಾಯಣ್ಣ ಏನೂ ಮಾಡಲಿಲ್ಲ. ಸುಮ್ಮನೆ ಕೂತ. ಎರಡು ನಿಮಿಷಕ್ಕೆ ಎಡಗೆನ್ನೆ ತೊಯ್ದು, ನೀರು ಗದ್ದದಿಂದ ತೊಟ್ಟಿಕ್ಕತೊಡಗಿತು. ಹನ್ನೆರಡು ಗಂಡಸರು ಮುಂದಕ್ಕೆ ಬಾಗಿ ನೋಡಿದರು.

"ಏನು ನೆನಪಾತು?" ವಿರೂಪಣ್ಣ ಪಿಸುದನಿಯಲ್ಲಿ ಕೇಳಿದರು.

ತಾಯಣ್ಣನಿಗೆ ನೆನಪಾಗಿದ್ದು ಹಿಂದಿನ ದಿನ ಲಿಂಗಸುಗೂರಿನ ಗಾಡಿ ಬಂದದ್ದನ್ನು ರಿಜಿಸ್ಟರಿನಲ್ಲಿ ಬರೆದೆನೋ ಇಲ್ಲವೋ ಎಂಬ ಸಂಗತಿ. ಸುಳ್ಳು ಹೇಳುವ ಅಭ್ಯಾಸವಿಲ್ಲದವನು, ಹೇಳಲು ಹೊರಟ. "ಲಿಂಗ..." ಎಂದ. ಅದನ್ನು ಇಲ್ಲಿ ಹೇಳುವುದು ಸರಿಯೋ ಎಂದು ಅಳುಕಿ ನಿಲ್ಲಿಸಿದ.

"ಲಿಂಗ ಅಂದ್ರು!" ವಿರೂಪಣ್ಣ ಎರಡೂ ಕೈ ಮೇಲೆತ್ತಿದರು. "ಲಿಂಗ ಅನ್ನೂದಕ್ಕ ಕಣ್ಣೀರು! ಮುಂದ ಮಾತಽ ಇಲ್ಲ!"

ಊರಿನ ಹೆಸರಿನ ಉಳಿದರ್ಧ ತಾಯಣ್ಣನ ಬಾಯಲ್ಲೇ ಉಳಿಯಿತು. ಹನ್ನೆರಡು ಜನ ಸಾಲಾಗಿ ಬಂದು ಅವನ ಕಾಲು ಮುಟ್ಟಿದರು. ವೆಂಕೋಬ ಎರಡು ಸಲ ಮುಟ್ಟಿದರು, ಹಿಂದಿನ ಸೇವಾವಧಿಯದ್ದೂ ಸೇರಿಸಿ.

ಸುದ್ದಿ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಹೆಂಡತಿ ಪಾರ್ವತೆಮ್ಮ ಪ್ರಾಥಮಿಕ ಶಾಲೆಯ ಟೀಚರ್. ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಣೆ ನಡೆಸಿದಳು.

"ಇಪ್ಪತ್ನಾಲ್ಕು ವರ್ಷ ಆತು ಲಗ್ನಾಗಿ. ನನ್ನ ಮುಂದ ಒಂದ್ ಹನಿ ಉದುರಿಸಿಲ್ಲ. ಅಕ್ಕಿ ಗಿರಣಿ ಮ್ಯಾಲೆ ಹೋಗಿ ಅಳ್ತೀರಿ? ನಾ ಸಾಲ್ದೇನು ನಿಮಗ?"

"ಧೂಳು..." ಎಂದ ತಾಯಣ್ಣ.

"ಧೂಳು ನಮ್ಮನ್ಯಾಗಿಲ್ಲೇನು?" ಗೋಡೆಯ ಮೇಲಿನ ಬುದ್ಧನ ಪಟ ತೋರಿಸಿದಳು. "ಅವ್ರೂ ಕಣ್ ಮುಚ್ಚಿ ಕುಂತಾರ. ಅತ್ತಾರೇನು ನೋಡ್ರಿ?"

ಪಕ್ಕದ ಮನೆಯ ನೂರ್ ಬೀ ಹೊಲಿಗೆ ಯಂತ್ರವನ್ನು ಕಿಟಕಿಯ ಪಕ್ಕದಲ್ಲೇ ಇಟ್ಟುಕೊಂಡವಳು. ತಾಯಣ್ಣ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಪೇಪರ್ ಓದುತ್ತ ಕಣ್ಣೊರೆಸಿಕೊಳ್ಳುವುದನ್ನು ಒಂದು ತಿಂಗಳಿಂದ ನೋಡಿದ್ದಳು. ಅಂದು ಸಂಜೆ ಒಂದು ಡಬ್ಬಿ ಖೀಮಾ ತಂದು ಪಾರ್ವತೆಮ್ಮನ ಮುಂದೆ ಕುಕ್ಕಿದಳು.

"ಟೀಚರಮ್ಮಾ, ನಾ ಸುಮ್ ಇದ್ದೆ. ಇನ್ ಸುಮ್ ಇರಂಗಿಲ್ಲ. ಬೇಚಾರಾ ಗಂಡಸು, ದಿನಾ ಅಳ್ತದ. ಸಾಲ್ಯಾಗ ಹುಡುಗರಿಗೆ ಬೈದಂಗ ಮನ್ಯಾಗೂ ಬೈತೀಯೇನು?"

ಪಾರ್ವತೆಮ್ಮ ಗಂಡನ ಕಡೆ ನೋಡಿದಳು. ಎಡಗಣ್ಣು ತನ್ನ ಪಾಡಿಗೆ ಸುರಿಯುತ್ತಿತ್ತು. ವಾರ ಮುಗಿಯುವಷ್ಟರಲ್ಲಿ ಓಣಿಯ ಮೂರು ಮನೆಗಳಿಂದ ಊಟ ಬಂತು, ಪಾರ್ವತೆಮ್ಮನಿಗೆ ಮೂರು ಮನೆಗಳಿಂದ ಬುದ್ಧಿವಾದ ಬಂತು.

ಕಚೇರಿಯಲ್ಲೂ ಗದ್ದಲವೆದ್ದಿತು. ನಿಲ್ದಾಣದ ದೂರು ಪುಸ್ತಕದಲ್ಲಿ ಪ್ರಯಾಣಿಕರೊಬ್ಬರು ಬರೆದಿದ್ದರು: "ಮಾನ್ವಿ ಬಸ್ಸು ಕೆಟ್ಟಿದೆ ಎಂದು ಹೇಳುವಾಗ ವಿಚಾರಣೆಯವರು ಕಣ್ಣೀರಿಟ್ಟರು. ನಮಗೂ ದುಃಖ ತಡೆಯಲಾಗಲಿಲ್ಲ. ದೂರು ಹಿಂತೆಗೆದುಕೊಂಡಿದ್ದೇವೆ." ಮೇಲಧಿಕಾರಿಗಳು ಇದನ್ನು ಓದಿ ಮೆಮೊ ಹೊರಡಿಸಿದರು: "ತಾವು ಕರ್ತವ್ಯದ ವೇಳೆಯಲ್ಲಿ, ಸಾರ್ವಜನಿಕರ ಸಮ್ಮುಖದಲ್ಲಿ, ಪೂರ್ವಾನುಮತಿ ಇಲ್ಲದೆ ಅತ್ತಿರುವುದು ಕಂಡುಬಂದಿದ್ದು, ಮೂರು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು."

ತಾಯಣ್ಣ ಸತ್ಯವನ್ನೇ ಬರೆದುಕೊಟ್ಟ: "ನಾನು ಅತ್ತಿರುವುದಿಲ್ಲ. ಕಣ್ಣು ಅತ್ತಿರುತ್ತದೆ."

ಅಧಿಕಾರಿ ಅದನ್ನು ಮೂರು ಸಲ ಓದಿದರು. ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಫ್ಯಾನು ನೋಡಿದರು. "ನಾನು ಬೇರೆ, ಕಣ್ಣು ಬೇರೆ..." ಎಂದು ಗೊಣಗಿ ಕಡತ ಮುಚ್ಚಿದರು. ಮುಂದಿನ ಭಾನುವಾರ ಗಿರಣಿಯ ಮಾಳಿಗೆಯ ಮೇಲೆ ಗಾದಿ ಹಿಡಿದು ಮೊದಲ ಸಾಲಿನಲ್ಲಿ ಅವರೇ ಕೂತಿದ್ದರು.

ಮಾರ್ಚಿನಲ್ಲಿ ಸಂಘವು ದೇವದುರ್ಗಕ್ಕೆ ವಿಸ್ತರಿಸಿತು. ಅಲ್ಲಿನ ಕಲ್ಯಾಣ ಮಂಟಪದಲ್ಲಿ ತಾಯಣ್ಣನನ್ನು ಮದುಮಗನ ಕುರ್ಚಿಯಲ್ಲಿ ಕೂರಿಸಿದರು. ಬೇರೆ ಕುರ್ಚಿಗಳಿಗೆ ಕೈ ಇರಲಿಲ್ಲ. ನೂರಾರು ಗಂಡಸರು ಸಾಲು ನಿಂತು ಒಬ್ಬೊಬ್ಬರಾಗಿ ಬಂದು ಅವನ ಎಡಗಣ್ಣನ್ನು ದಿಟ್ಟಿಸಿ ಹೋದರು. ಒಬ್ಬ ಹತ್ತಿ ವ್ಯಾಪಾರಿಗೆ ಸಂಶಯ ಬಂತು.

"ಎಡಗಣ್ಣಿಂದ ಅಷ್ಟೇ ಯಾಕ್ ಬರ್ತದರಿ? ಬಲಗಣ್ಣು ಒಣಗ್ಯದಲ್ಲ?"

ತಾಯಣ್ಣ ಬಾಯಿ ತೆರೆದ. ವಿರೂಪಣ್ಣ ಅವನಿಗಿಂತ ಮೊದಲೇ ಮೈಕು ತೆರೆದರು. "ಎಡಗಣ್ಣು ತಾಯೀದು. ಬಲಗಣ್ಣು ತಂದೀದು. ತಂದಿ ಕಣ್ಣು ಇನ್ನಾ ಸಾಧನಾದಾಗ ಅದ!"

ವ್ಯಾಪಾರಿ ನಾಚಿ ಕಾಲು ಮುಟ್ಟಿದ. ಅಂದಿನಿಂದ ದೇವದುರ್ಗದ ಕೆಲವರು ಎಡಗಣ್ಣಿಗೆ ಮಾತ್ರ ಕಾಡಿಗೆ ಹಚ್ಚಿಕೊಳ್ಳತೊಡಗಿದರೆಂದು ಹೇಳುತ್ತಾರೆ, ನಾನು ನೋಡಿಲ್ಲ.

ಈ ಸುದ್ದಿ ಮಲ್ಲಟಕ್ಕೂ ಹೋಯಿತು. ಮಾನ್ವಿ ತಾಲೂಕಿನ ಆ ಹಳ್ಳಿ ತಾಯಣ್ಣನ ಹುಟ್ಟೂರು. ಅಲ್ಲಿ ಅವನ ಅಣ್ಣ ಗಡಿಗೆಪ್ಪ ಹೊಲ ಮಾಡಿಕೊಂಡಿದ್ದ. ಅಣ್ಣ ತಮ್ಮಂದಿರ ನಡುವೆ ಆರು ವರ್ಷದಿಂದ ಮಾತಿರಲಿಲ್ಲ. ಕಾರಣ ದೊಡ್ಡದೇ: ರಾಯಚೂರಿನ ಮನೆಯ ಗೃಹಪ್ರವೇಶದ ಕಾರ್ಡಿನಲ್ಲಿ ಗಡಿಗೆಪ್ಪನ ಹೆಸರು ಪಾರ್ವತೆಮ್ಮನ ತಮ್ಮನ ಹೆಸರಿಗಿಂತ ಕೆಳಗೆ ಅಚ್ಚಾಗಿತ್ತು. ಗಡಿಗೆಪ್ಪ ಆ ಗೃಹಪ್ರವೇಶಕ್ಕೆ ಬರಲಿಲ್ಲ. ತಾಯಣ್ಣ ಯಾಕೆ ಬರಲಿಲ್ಲವೆಂದು ಕೇಳಲಿಲ್ಲ. ಹಾಗೆಯೇ ಆರು ವರ್ಷವಾಯಿತು.

ತಮ್ಮ ದಿನಾ ಅಳುತ್ತಿದ್ದಾನೆ ಎಂದು ಕೇಳಿದ ಗಡಿಗೆಪ್ಪ ಉಣ್ಣುವ ರೊಟ್ಟಿ ಕೆಳಗಿಟ್ಟ. "ನನ್ನ ಸಲುವಾಗಿ ಅಳಾಕತ್ಯಾನ ಅಂವ," ಎಂದ ಹೆಂಡತಿ ಮೌನೇಶ್ವರಿಗೆ. "ಮತ್ಯಾರದಾರ ಅವಗ ಅಳಾಕ?" ಆಮೇಲೆ ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ: "ನಮ್ ತಮ್ಮ ತಾಯ ನನ್ನ ನೆನಸಿ ನೆನಸಿ ಕಣ್ ಕಳಕೊಳ್ಳಾಕತ್ಯಾನ." ಹೇಳುವಾಗ ಅವನಿಗೆ ತುಂಬ ದುಃಖವೂ, ಅದಕ್ಕಿಂತ ಸ್ವಲ್ಪ ಹೆಚ್ಚು ಸಮಾಧಾನವೂ ಆಗುತ್ತಿತ್ತು. ಏಪ್ರಿಲಿನಲ್ಲಿ ಮಾನ್ವಿಯಲ್ಲಿ ಸಂಘದ ಮಹಾಸಮ್ಮೇಳನವೆಂದು ಗೊತ್ತಾದಾಗ ಹೊಸ ಧೋತ್ರ ತೆಗೆಸಿಟ್ಟ.

ಸಮ್ಮೇಳನಕ್ಕೆ ಐದು ದಿನ ಬಾಕಿ ಇರುವಾಗ ತಾಯಣ್ಣನ ಮೂಗಿನ ಪಕ್ಕ ನಿಂಬೆಹಣ್ಣಿನಷ್ಟು ಬಾವು ಬಂತು. ನರ್ಸಿಂಗ್ ಓದುತ್ತಿದ್ದ ಮಗಳು ಶಶಿಕಲಾ ರಜೆಗೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅಪ್ಪನ ಗದ್ದ ಹಿಡಿದೆತ್ತಿ ನೋಡಿದಳು.

"ಅಪ್ಪಾ, ಇದು ದುಃಖಲ್ಲ. ಇದು ಬ್ಲಾಕ್. ಕೀವಾಗ್ಯದ. ಡಾಕ್ಟರಿಗೆ ತೋರಿಸೀರೇನು?"

"ತೋರಿಸೀನವ್ವಾ. ಜನವರಿಯಾಗ."

ಪಾರ್ವತೆಮ್ಮನ ಕೈಯಲ್ಲಿದ್ದ ಸೌಟು ನಿಂತಿತು. "ಜನವರಿಯಾಗ? ಗೊತ್ತಿತ್ತು ನಿಮಗ? ನೂರ್ ಬೀ ಕಡಿಂದ ನಾ ಇಷ್ಟು ಬೈಸಿಕೊಂಡೆ, ಹೇಳ್ಲಿಲ್ಲ ನೀವು?"

"ಮಹಾನುಭಾವರು ಅಂದ್ರು," ಎಂದ ತಾಯಣ್ಣ ಸಣ್ಣ ದನಿಯಲ್ಲಿ.

ಪಾರ್ವತೆಮ್ಮ ಸೌಟು ಕೆಳಗಿಟ್ಟಳು. ನೇರ ಪಕ್ಕದ ಮನೆಗೆ ಹೋಗಿ ನೂರ್ ಬೀಯ ಡಬ್ಬಿಗಳನ್ನೆಲ್ಲ ಹಿಂದಿರುಗಿಸಿ, ವಿವರವಾಗಿ ಮಾತಾಡಿ ಬಂದಳು. ಮರುದಿನವೇ ಆಪರೇಷನ್ ಆಯಿತು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ತಾಯಣ್ಣನ ಎಡಗಣ್ಣು ರಾಯಚೂರಿನ ರಸ್ತೆಯ ಹಾಗೆ ಒಣಗಿ ನಿಂತಿತು.

ನೋಡಲು ಬಂದ ವಿರೂಪಣ್ಣ ಮೂಗಿನ ಪಕ್ಕದ ಪಟ್ಟಿ ಕಂಡು ಮಂಚದ ಕಾಲು ಹಿಡಿದು ಕೂತರು. "ಏನ್ ಮಾಡಿದ್ರಿ ಇದು! ಹರಿಯೂ ಗಂಗೀಗೆ ನಲ್ಲಿ ಹಾಕಿಸಿದ್ರಲ್ಲ!"

"ನಾ ಬರೂದಿಲ್ರಿ ಮಾನ್ವಿಗೆ."

"ಮುನ್ನೂರು ಮಂದಿ ಬರಾಕತ್ಯಾರ್ರಿ! ಬರ್ರಿ, ಬಂದು ಏನದ ಅದನ್ನ ಹೇಳಿಬಿಡ್ರಿ."

ಏನಿದೆಯೋ ಅದನ್ನು ಹೇಳಿಬಿಡುವುದು. ತಾಯಣ್ಣನಿಗೆ ಅದು ಹಿಡಿಸಿತು. ಭಾನುವಾರ ಮಾನ್ವಿಯ ಶಾಮಿಯಾನದಡಿ, ಮೂಗಿನ ಪಕ್ಕ ಪಟ್ಟಿ ಹಾಕಿಕೊಂಡು, ಕಿಸೆಯಲ್ಲಿ ಕಣ್ಣಿಗೆ ಬಿಡುವ ಔಷಧಿಯ ಬಾಟಲಿ ಇಟ್ಟುಕೊಂಡು, ಅವನು ಮೈಕಿನ ಮುಂದೆ ನಿಂತ.

"ಅಣ್ಣಾರ, ತಮ್ಮಾರ. ನಾ ಒಂದ್ ದಿನಾನೂ ಅತ್ತಿಲ್ಲ. ನಂದು ನಾಳ ಮುಚ್ಚಿತ್ತು."

ಹಿಂದಿನಿಂದ ಯಾರೋ ಕೂಗಿದರು: "ನಮ್ದೂ ಮುಚ್ಚ್ಯದರಿ!"

"ಡಾಕ್ಟರು ತೆಗೆದ್ರು," ಎಂದ ತಾಯಣ್ಣ.

"ಡಾಕ್ಟರು ಅಂದ್ರ ಯಾರು? ಒಳಗಿನ ಗುರು!" ಎಂದರು ವಿರೂಪಣ್ಣ, ಇನ್ನೊಂದು ಮೈಕಿನಲ್ಲಿ.

"ಅಲ್ರಿ. ಕಣ್ಣಿನ ಡಾಕ್ಟರು. ಮೂಗಿನ ಪಕ್ಕ ತೂತು ಕೊರದ್ರು."

"ನಾಸಿಕಾಗ್ರ!" ಎಂದರು ವಿರೂಪಣ್ಣ. ಮುನ್ನೂರು ಗಂಡಸರು ತಮ್ಮ ತಮ್ಮ ಮೂಗಿನ ತುದಿ ನೋಡಿಕೊಂಡರು. ಹಲವರಿಗೆ ಮೆಳ್ಳೆಗಣ್ಣಾಯಿತು.

"ಒಂದ್ ತಾಸ ನನಗೇನೂ ತಿಳೀಲಿಲ್ಲ. ಇಂಜೆಕ್ಷನ್ ಮಾಡಿದ್ರು..."

"ಸಮಾಧಿ!" ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಬೀರೇಶ ನೋಟ್‌ಬುಕ್ಕಿನಲ್ಲಿ ಒಂದು ತಾಸು ಎಂದು ಬರೆದುಕೊಂಡ. ತಾಯಣ್ಣ ಕೈಯಾಡಿಸಿದ, ತಲೆಯಾಡಿಸಿದ, ಚಪ್ಪಾಳೆ ಹೆಚ್ಚಾಯಿತು. ಮನುಷ್ಯನೊಬ್ಬ ಸತ್ಯ ಹೇಳಿ ಇಷ್ಟು ಅಸಹಾಯಕನಾದದ್ದನ್ನು ಮಾನ್ವಿ ಕಂಡಿರಲಿಲ್ಲ.

ಆಗ ಮೂರನೆಯ ಸಾಲಿನಲ್ಲಿ ಹೊಸ ಧೋತ್ರದ ಒಬ್ಬ ಗಟ್ಟಿ ಆಳು ಎದ್ದು ನಿಂತ.

"ಲೇ ತಾಯಾ!"

ಚಪ್ಪಾಳೆ ನಿಂತಿತು. ತಾಯಣ್ಣ ಅಣ್ಣನನ್ನು ನೋಡಿದ. ಆರು ವರ್ಷದಲ್ಲಿ ಗಡಿಗೆಪ್ಪನ ಮೀಸೆ ಬೆಳ್ಳಗಾಗಿತ್ತು.

"ಅವ್ರ್ ಮಾತು ಬಿಡು. ನನಗ ಖರೇ ಹೇಳು. ನೀ ನನ್ನ ಸಲುವಾಗಿ ಅತ್ತಿಯೋ ಇಲ್ಲೋ?"

ಮುನ್ನೂರು ತಲೆಗಳು ವೇದಿಕೆಯ ಕಡೆ ತಿರುಗಿದವು. ಹೌದು ಎಂಬ ಒಂದೇ ಮಾತು ಸಾಕಿತ್ತು. ಸಮ್ಮೇಳನವೂ ಯಶಸ್ವಿ, ಅಣ್ಣನೂ ಸರಿ. ವಿರೂಪಣ್ಣ ಕೈಸನ್ನೆಯಲ್ಲಿ ಅದನ್ನೇ ಬೇಡಿಕೊಂಡರು.

"ಇಲ್ಲಣ್ಣ," ಎಂದ ತಾಯಣ್ಣ. "ನಾಳ ಮುಚ್ಚಿತ್ತು."

"ಆರು ವರ್ಷದಾಗ ಒಂದ್ ಹನಿ?"

"ಒಂದ್ ಹನೀನೂ ಇಲ್ಲ."

ಗಡಿಗೆಪ್ಪ ಕುರ್ಚಿಗಳನ್ನು ಸರಿಸಿಕೊಂಡು ವೇದಿಕೆ ಹತ್ತಿದ. "ನಾ ಊರತುಂಬಾ ಹೇಳೀನಲ್ಲೋ! ನಮ್ ತಾಯ ನನಗ ಅಳಾಕತ್ಯಾನ ಅಂತ! ನಾನಂತೂ ನಿನ್ನ ಕಣ್ಣಿಗೆ ಕಾಣೂದಽ ಇಲ್ಲ. ಕಾರ್ಡಿನ್ಯಾಗೂ ಕೆಳಗ ಹಾಕಿದಿ!"

"ಅಚ್ಚಿನವ ಹಾಕ್ಯಾನ ಅದು! ನಾನೇನು ಅಚ್ಚು ಹೊಡಿತೀನೇನು?" ಮೈಕು ಹತ್ತಿರವೇ ಇತ್ತು. ತಾಯಣ್ಣನ ದನಿ ಏರಿದ್ದನ್ನು ಮಾನ್ವಿ ಊರೆಲ್ಲ ಕೇಳಿತು. "ಹೆಸರು ಕೆಳಗಾತಂತ ಮನಿಗೇ ಬರಲಿಲ್ಲ ನೀ! ಪಂಗತಿ ನಿಲ್ಲಿಸಿ ಬಸ್ ಸ್ಟ್ಯಾಂಡಿಗೆ ಬಂದಿದ್ದೆ ನಾನು. ಈ ಕಡಿಂದ ಬಂದ ನಾಲ್ಕೂ ಬಸ್ಸು ನಿಂತು ನೋಡಿದೆ. ಎಲ್ಲಾರೂ ಇಳಿದ್ರು. ನೀ ಇಳೀಲಿಲ್ಲ!"

"ನಾಲ್ಕನೇ ಬಸ್ಸಿನ್ಯಾಗ ಇದ್ದೆ ನಾನು!" ಗಡಿಗೆಪ್ಪ ಗುಡುಗಿದ.

ತಾಯಣ್ಣ ಮೈಕು ಬಿಟ್ಟು ಅಣ್ಣನ ಎದುರಿಗೆ ಬಂದ.

"ಇದ್ದೆ! ಕಿಡಕ್ಯಾಗಿಂದ ನಿನ್ನ ನೋಡಿದೆ. ನೀ ಗಡಿಯಾರ ನೋಡ್ಕೋತ ನಿಂತಿದ್ದಿ. ಮಾರಿ ಮ್ಯಾಲ ಏನಂದ್ರ ಏನೂ ಇರಲಿಲ್ಲ. ನಾ ಬಂದ್ರೆಷ್ಟು, ಬಿಟ್ರೆಷ್ಟು ಇವಗ ಅಂತ ಸೀಟಿನ ಕೆಳಗ ಬಗ್ಗಿ ಕುಂತೆ. ಅದೇ ಬಸ್ಸಿಗೆ ವಾಪಸ್ ಬಂದೆ."

"ನಂದು ಮಾರೀನೇ ಹಂಗದಲ್ಲೋ!" ತಾಯಣ್ಣ ಎರಡೂ ಕೈಯಿಂದ ತನ್ನ ಮುಖ ಹಿಡಿದು ಅಣ್ಣನಿಗೆ ತೋರಿಸಿದ. "ಹುಟ್ಟಿದಾಗಿಂದ ನೋಡೀದಿ ನೀ ಈ ಮಾರಿ! ಮಂದಿಗೆ ತಿಳೀಲಿಲ್ಲಂದ್ರ ಬಿಡು. ನಿನಗೂ ತಿಳೀಲಿಲ್ಲಂದ್ರ ಯಾರಿಗೋ ತಿಳೀಬೇಕು?"

ಗಡಿಗೆಪ್ಪ ಇನ್ನೂ ಜೋರಾಗಿ ಬೈದ. ತಾಯಣ್ಣನೂ ಬೈದ. ಗೃಹಪ್ರವೇಶದಿಂದ ಹಿಂದಕ್ಕೆ ಹೋಗಿ ಮದುವೆಗೆ, ಮದುವೆಯಿಂದ ಹೈಸ್ಕೂಲಿಗೆ, ಅಲ್ಲಿಂದ ಈಜು ಕಲಿಸುತ್ತೇನೆಂದು ಬಾವಿಗೆ ನೂಕಿದ್ದಕ್ಕೆ, ಹೀಗೆ ನಲವತ್ತು ವರ್ಷ ಬೈದುಕೊಂಡರು. ಇಬ್ಬರ ಕಣ್ಣೂ ಖಡಕ್ಕಾಗಿ ಒಣಗಿದ್ದವು.

ಅಳು ಶುರುವಾದದ್ದು ಕೆಳಗೆ. ಮೊದಲು ಬೀರೇಶ. ಬಾಯ್ಲರಿನ ಸೀಟಿಯಂಥ ದನಿ ಹೊರಡಿಸಿ ನೆಲಕ್ಕೆ ಕೂತ. ವೆಂಕೋಬ ಫೋನು ತೆಗೆದು ಸಿಂಧನೂರಿನ ತಮ್ಮನಿಗೆ ಹಚ್ಚಿ, "ಲೇ, ನಾನು. ಏನಿಲ್ಲ. ನಾನು. ಏನಿಲ್ಲಲೇ," ಎಂದು ಬಿಕ್ಕಿದರು. ಸಾರಿಗೆಯ ಅಧಿಕಾರಿ ಪೂರ್ವಾನುಮತಿ ಇಲ್ಲದೆ ಅತ್ತರು. ಶಾಮಿಯಾನದವನು ಕಂಬ ತಬ್ಬಿ ಅತ್ತ. ವಿರೂಪಣ್ಣ ಮಾತ್ರ ಮೈಕು ಹಿಡಿದು, ಯಾವ ಕಡೆ ವಿವರಣೆ ಕೊಡಬೇಕೆಂದು ತಿಳಿಯದೆ ಸುತ್ತ ನೋಡುತ್ತ, ಕೊನೆಗೆ ಮೈಕಿನಲ್ಲೇ ಸೊರ್ರನೆ ಮೂಗೆಳೆದರು.

ಆಮೇಲೆ ಸಂಘದಲ್ಲಿ ಸಾಧನೆಯ ಕ್ರಮ ಬದಲಾಯಿತೆಂದು ಕೇಳಿದ್ದೇನೆ. ಭಾನುವಾರ ಪ್ರತಿ ಸದಸ್ಯರೂ ಮಾತು ಬಿಟ್ಟ ಒಬ್ಬ ಬಂಧುವನ್ನು ಕರೆತಂದು ಒಂದು ತಾಸು ಜಗಳ ಆಡಬೇಕು. ಅಕ್ಕಪಕ್ಕದವರು ಪೊಲೀಸರಿಗೆ ದೂರು ಕೊಟ್ಟರು. ವಿಚಾರಿಸಲು ಬಂದ ಪೇದೆ ಮರುವಾರ ತನ್ನ ಭಾವಮೈದುನನೊಡನೆ ಬಂದ.

ಅಣ್ಣತಮ್ಮಂದಿರಿಗೆ ಇದೇನೂ ಗೊತ್ತಾಗಲಿಲ್ಲ. ಬೈದು ಬೈದು ಗಂಟಲು ಬಿದ್ದಾಗ ಗಡಿಗೆಪ್ಪ, "ಉಂಡಿಯೇನು?" ಎಂದು ಕೇಳಿದ. ತಾಯಣ್ಣ ಇಲ್ಲವೆಂದ. ಗಡಿಗೆಪ್ಪ ಅವನನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮಲ್ಲಟಕ್ಕೆ ಹೊಡೆದ. ಮೌನೇಶ್ವರಿ ರೊಟ್ಟಿ ಬಡಿದಳು. ಇಬ್ಬರೂ ತಿಂದರು. ಊಟವಾದ ಮೇಲೆ ತಾಯಣ್ಣ ಕಿಸೆಯಿಂದ ಬಾಟಲಿ ತೆಗೆದು ತಲೆ ಹಿಂದಕ್ಕೆ ಮಾಡಿದ.

"ತಾ ಇಲ್ಲೆ," ಎಂದ ಗಡಿಗೆಪ್ಪ.

ನೇಗಿಲು ಹಿಡಿದ ಕೈ ಅದು. ಮೊದಲ ಹನಿ ತಮ್ಮನ ಹಣೆಗೆ ಬಿತ್ತು. ಎರಡನೆಯದು ಕಿವಿಗೆ. ಮೂರನೆಯದು ಮೀಸೆಗೆ.

"ಕಣ್ಣು ಸಣ್ಣವದಾವ ನಿನ್ನವು," ಎಂದು ಗಡಿಗೆಪ್ಪ ಗದರಿದ. "ಅಗಲ ತೆಗಿ. ನೋಯ್ತದೇನು?"

"ಇಲ್ಲ."

"ಹೂಂ."

ದಿನಕ್ಕೆ ನಾಲ್ಕು ಸಲ ಬಿಡಬೇಕೆಂದು ಡಾಕ್ಟರು ಹೇಳಿದ್ದರು. ತಾಯಣ್ಣ ರಜೆಗೆ ಫೋನು ಮಾಡಿ ಮಲ್ಲಟದಲ್ಲೇ ಉಳಿದ. ನಾಲ್ಕೂ ಸಲ ಗಡಿಗೆಪ್ಪ ಹೊಲದಲ್ಲಿ ಎಲ್ಲಿದ್ದರೂ ಎದ್ದು ಬಂದು, ಕೈ ತೊಳೆದು, ಹನಿ ಬಿಟ್ಟು, ಬೈದು ಹೋಗುತ್ತಿದ್ದ. ವಾರಕ್ಕೆ ಬರಬೇಕಾದ ಔಷಧಿ ಮೂರೇ ದಿನಕ್ಕೆ ಮುಗಿಯಿತು. ಕಣ್ಣಿಗೆ ಬಿದ್ದದ್ದು ಹತ್ತು ಹನಿ ಇರಬಹುದು.

"ಮುಗೀತು," ಎಂದ ತಾಯಣ್ಣ, ಖಾಲಿ ಬಾಟಲಿ ಅಲುಗಾಡಿಸಿ. "ಕಣ್ಣು ಆರಾಮ ಅದ. ನಾ ಇನ್ ರಾಯಚೂರಿಗೆ ಹೋಗ್ತೀನಿ."

"ಆರಾಮ ಅದೋ ಇಲ್ಲೋ ನಿನಗೇನ್ ಗೊತ್ತು? ನಿನ್ನ ಕಣ್ಣು ನಿನಗ ಕಾಣ್ತದೇನು?" ಎಂದ ಗಡಿಗೆಪ್ಪ. ಬಾಟಲಿ ಕಸಿದುಕೊಂಡು, ಇಂಥದ್ದೇ ಇನ್ನೊಂದು ತರಲು ಮೋಟರ್‌ಸೈಕಲ್ ಹತ್ತಿ ಮಾನ್ವಿಯ ಕಡೆ ಹೋದ. ತರುವಾಗ ಎರಡು ತಂದ.